ಕಡಲೆ ಹೊಲದ ಉಂಗುರ

"ಚರಗ ಹೆಂಗ ಚೆಲ್ಲಿದ್ರಿ? ಒಂದ್ಸಲ ಮಾಡಿ ತೋರಸ್ರಿ."

ನಿಶ್ಚಯವಾದ ಮೇಲೆ ದೇವಿಂದ್ರ ತನ್ನ ಜೊತೆ ಆಡುವ ಮೊದಲ ಮಾತು ಇದಾಗಿರುತ್ತದೆಂದು ಮಲ್ಲೇಶ್ವರಿ ಕನಸಿನಲ್ಲೂ ಎಣಿಸಿರಲಿಲ್ಲ!

ಅವನು ಕಡಲೆ ಸಾಲುಗಳ ನಡುವೆ ನಿಂತಿದ್ದ. ಕೊರಳಲ್ಲಿ ಹೆಡ್‌ಫೋನ್. ಕೈಯಲ್ಲಿ ಉದ್ದ ಕೋಲಿನ ಯಂತ್ರ, ಅದರ ತುದಿಗೆ ತಟ್ಟೆಯಂಥ ಚಕ್ರ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಎಲ್ಲಿ ನೋವು ಎಂದು ರೋಗಿಯನ್ನು ಕೇಳುವ ಡಾಕ್ಟರನ ಹಾಗೆ ಕೇಳಿದ್ದ.

ಮಲ್ಲೇಶ್ವರಿ ಬರಿಗೈ ಬೀಸಿದಳು.

"ಇನ್ನೊಮ್ಮೆ..."

ಮತ್ತೆ ಬೀಸಿದಳು. ಅವನ ಕಣ್ಣು ಕೈ ಹೋದ ದಿಕ್ಕಿಗೆ ಹೋಗಲಿಲ್ಲ. ಅವಳ ಬೆರಳಿನ ಮೇಲೆಯೇ ನಿಂತಿತು. ಅಲ್ಲಿ ಗೆಣ್ಣಿನ ಹತ್ತಿರ ಚರ್ಮ ಸುಲಿದು ಕೆಂಪಗಾಗಿತ್ತು. ಅವಳು ಥಟ್ಟನೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

'ಗೊತ್ತಾಯಿತೇ ಇವರಿಗೆ...?'

ಬದುವಿನ ಮೇಲೆ ಕಾವಲಿಗೆ ಕುಳಿತಿದ್ದ ಅಜ್ಜಿ ಯಂಕಮ್ಮ ಅಲ್ಲಿಂದಲೇ ಕೂಗಿದಳು. "ಬಾಯಿ ತಗದು ಹುಲ್ಲುಲ್ಲಿಗ್ಯೋ ಅನ್ನಬೇ ಮಲ್ಲಿ! ಸುಮ್ಮ ಕೈ ಬೀಸಿದ್ರ ಗುಬ್ಬಿ ಹೊಡಿಯಾಕತ್ತಾಳ ಅಂತಾರ ನೋಡಿದವ್ರು!"

ದೇವಿಂದ್ರನ ತುಟಿಯ ತುದಿ ತುಸು ಅಲುಗಿತು. ಹೆಡ್‌ಫೋನ್ ಕಿವಿಗೇರಿಸಿ, ಯಂತ್ರವನ್ನು ನೆಲಕ್ಕೆ ತಾಗೀ ತಾಗದ ಹಾಗೆ ಆಡಿಸುತ್ತ ಮುಂದೆ ನಡೆದ.

ಮೊನ್ನೆ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಸುರಪುರದ ಹತ್ತಿರದ ಈ ಹೊಲಕ್ಕೆ ಬಂದಿದ್ದರು. ಸಜ್ಜೆ ಕಡುಬು, ರೊಟ್ಟಿ, ಭಜ್ಜಿ ಪಲ್ಯ ಎಲ್ಲ ಕಲಸಿ, ಮೇಲೆ ತುಪ್ಪ ಸುರಿದು, 'ಹುಲ್ಲುಲ್ಲಿಗ್ಯೋ' ಎಂದು ಕೂಗುತ್ತ ಬೆಳೆಯ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವುದೇ ಚರಗ. ಅಪ್ಪ ಸಾಬಣ್ಣನಿಗೆ ಭುಜದ ನೋವು. ಹಾಗಾಗಿ ಈ ಸಲ ಮಲ್ಲೇಶ್ವರಿಯೇ ಚೆಲ್ಲಿದ್ದಳು. ಸಂಜೆ ಮನೆ ಸೇರಿದಾಗ ಬೆರಳು ಬೋಳಾಗಿತ್ತು. ನಿಶ್ಚಯದ ಉಂಗುರ ಇರಲಿಲ್ಲ!

"ತುಪ್ಪದ ಕೈಯಪ್ಪಾ... ಚರಗದ ಸಂಗಾಟ ಜಾರಿ ಹೋಗಿರಬೇಕು" ಅಂದಿದ್ದಳು.

ಎಲ್ಲರೂ ನಂಬಿದರು. ಯಂಕಮ್ಮನಂತೂ ಹೊಲದ ಕಡೆ ತಿರುಗಿ ಕೈಮುಗಿದಿದ್ದಳು. "ಭೂಮ್ತಾಯಿ ಇಟ್ಕೊಂಡಾಳ, ಇಟ್ಕೊಳ್ಳಲಿ. ಕೊಟ್ಟಿದ್ದನ್ನ ತಿರುಗಿ ಕೇಳಬಾರದು."

ಆದರೆ ಶಹಾಪುರದಲ್ಲಿದ್ದ ಶಾಂತಾದೇವಿ ಅಷ್ಟು ಸುಲಭಕ್ಕೆ ಕೊಟ್ಟುಬಿಡುವವಳಲ್ಲ. ಅವಳು ದೇವಿಂದ್ರನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಸುದ್ದಿ ಮುಟ್ಟಿದ ಕೂಡಲೇ ಫೋನು ಮಾಡಿದ್ದಳು.

"ಇಟ್ಟ ಉಂಗುರ ತಿಂಗಳ ತುಂಬೂದ್ರಾಗ ಕಳೀತಂದ್ರ ನಾವು ಏನ್ ತಿಳ್ಕೋಬೇಕ್ರಿ ಸಾಬಣ್ಣ? ಜವಳಿ ತರಾಕ ಹೋಗೋದ್ರಾಗ ಅದು ಹುಡುಗಿ ಬೆರಳಾಗಿದ್ರ ಚಲೋ. ಇಲ್ಲಂದ್ರ ಕುಂತು ಮಾತಾಡೂಣ್ರಿ."

ಕುಂತು ಮಾತಾಡೋಣ! ಸಂಬಂಧ ಮುರಿಯುವವರು ಮೊದಲು ಆಡುವ ಮಾತೇ ಅದು. ಅಂದಿನಿಂದ ಸಾಬಣ್ಣ ತಟ್ಟೆಯ ಮುಂದೆ ಕುಳಿತು ಬರೀ ರೊಟ್ಟಿ ಮುರಿಯುತ್ತಿದ್ದ, ಉಣ್ಣುತ್ತಿರಲಿಲ್ಲ.

ದೇವಿಂದ್ರ ಶಹಾಪುರದಲ್ಲಿ ಕುಡಿಯುವ ನೀರಿನ ಪೈಪು ಹಾಕುವ ಗುತ್ತಿಗೆದಾರನ ಹತ್ತಿರ ಕೆಲಸಕ್ಕಿದ್ದ. ರಸ್ತೆಯೊಳಗೆ ಹೂತುಹೋದ ವಾಲ್ವಿನ ಮುಚ್ಚಳ ಹುಡುಕಲೆಂದು ಹೈದರಾಬಾದಿನಿಂದ ನೆಲದೊಳಗಿನ ಲೋಹ ಪತ್ತೆ ಮಾಡುವ ಹಳೆಯದೊಂದು ಯಂತ್ರ ತಂದಿದ್ದ. ಒಮ್ಮೆ ಹತ್ತಿಯ ರಾಶಿಯಲ್ಲಿ ಬಿದ್ದ ಕೂಲಿ ಹೆಂಗಸೊಬ್ಬಳ ಬೆಂಡೋಲೆ ಹುಡುಕಿಕೊಟ್ಟ. ಅಷ್ಟೇ! ಕಾಲುವೆ ದಂಡೆಯಲ್ಲಿ ಕಳೆದ ಸರ, ಮದುವೆ ಹಂದರದಲ್ಲಿ ಬಿದ್ದ ಕಾಲುಂಗುರ, ಎಲ್ಲದಕ್ಕೂ ಅವನಿಗೇ ಕರೆ ಬರತೊಡಗಿತು. ಈಗ ಊರವರ ಬಾಯಲ್ಲಿ ಅವನು ಮಷೀನ್ ದೇವಿಂದ್ರ.

"ನಮ್ಮ ಮಲ್ಲಿ ಶಾಣ್ಯಾಕಿ" ಎಂದು ಯಂಕಮ್ಮ ಮುಂಜಾನೆ ಅವನ ಎದುರಿಗೇ ಅಂದಿದ್ದಳು. "ಕಳಕೊಳ್ಳೂದು ತನಗ ರೂಢಿ ಅದಂತ, ಹುಡುಕವನ್ನೇ ಗಂಡ ಮಾಡ್ಕೊಳ್ಳಾಕತ್ತಾಳ!"

ಆಗ ಯಾರೂ ನಕ್ಕಿರಲಿಲ್ಲ.

ಬಿಸಿಲು ಏರಿತು. ಯಂತ್ರ ಕುಂಯ್ ಅಂದಾಗಲೆಲ್ಲ ಮಲ್ಲೇಶ್ವರಿ ಅವನ ಮುಖ ನೋಡುತ್ತಿದ್ದಳು. ದೇವಿಂದ್ರ ಮಂಡಿಯೂರಿ, ಗಿಡದ ಬೇರಿಗೆ ಪೆಟ್ಟಾಗದಂತೆ ಮಣ್ಣು ಬಿಡಿಸುತ್ತಿದ್ದ. ಎತ್ತಿನ ಲಾಳ ಸಿಕ್ಕಿತು. ಮೊಳೆ ಸಿಕ್ಕಿತು. ಗುಟ್ಕಾ ಚೀಟಿಗಳಂತೂ ಲೆಕ್ಕವಿಲ್ಲದಷ್ಟು.

"ಚೀಟಿ ಅಂತ ಮೊದಲs ಗೊತ್ತಾಗಲ್ಲೇನ್ರಿ?" ತಡೆಯಲಾರದೆ ಕೇಳಿದಳು.

"ಇಲ್ರಿ. ಬಂಗಾರಕ್ಕೂ ಗುಟ್ಕಾ ಚೀಟಿಗೂ ಇದು ಒಂದs ದನಿ ತಗೀತದ. ತಗದು ನೋಡಿದ್ರs ಖರೆ ತಿಳಿಯೋದು."

ಅವನು ಬಗ್ಗಿ ಹುಡುಕುತ್ತಲೇ ಇದ್ದ. ಕಡಲೆ ಎಲೆಯ ಹುಳಿ ತಾಗಿ ತಾಗಿ ಅವನ ಮೊಳಕೈ ಕೆಂಪಾಗಿತ್ತು. ಮಲ್ಲೇಶ್ವರಿ ಅದನ್ನೇ ನೋಡಿದಳು. 'ಇಲ್ಲದ ಕಡೆ ಹುಡುಕಿಸುತ್ತಿದ್ದೇನಲ್ಲ... ಹೇಗೆ ಹೇಳಲಿ?'

ಹೌದು. ಉಂಗುರ ಚರಗದ ಸಂಗಡ ಹೋಗಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ದೇವಿಂದ್ರ ರೊಟ್ಟಿ, ಶೇಂಗಾ ಹಿಂಡಿ ಉಂಡು ನೀರು ಕುಡಿದ. ಯಂಕಮ್ಮ ಅವನ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು. ಕುಡುಗೋಲು ತೆಗೆದುಕೊಂಡು ಎದ್ದಳು.

"ಎಮ್ಮಿಗಿ ಒಂದು ಹೊರಿ ಹುಲ್ಲು ಕೊಯ್ಕೊಂಡ್ ಬರ್ತೀನಿ. ನನ್ನ ಕಣ್ಣು ಮಂಜದ, ಕಿವಿ ಬರೋಬರಿ ಅದ. ಏನರೆ ಮಾತಾಡೂದಿದ್ರ ಸಣ್ಣಗ ಮಾತಾಡ್ರಿ."

ಅವಳು ಬದು ದಾಟಿ ಹೋದಳು.

"ಒಂದು ಮಾತು ಹೇಳ್ಲ್ಯಾ?" ದೇವಿಂದ್ರ ನೆಲ ನೋಡುತ್ತ ಅಂದ.

"ಹೇಳ್ರಿ..."

"ಆ ಉಂಗುರ ಜಾರೂದಿಲ್ರಿ. ನಿಮ್ಮ ಬೆರಳಿಗಿ ಇಟ್ಟಾವ ನಾನು. ಗೆಣ್ಣಿನಾಗ ಸಿಕ್ಕೊಂಡಿತ್ತು, ಮಂದಿ ಎಲ್ಲಾ ನಕ್ರು, ಸಾಬೂನ ನೀರು ತಂದು ಒಳಗ ಹಾಕಿದ್ವಿ. ತುಪ್ಪ ಹಚ್ಚಿ ತಿರುವಿ ತಿರುವಿ ಎಳದ್ರ ಬರ್ತದ. ಕೈ ಬೀಸಿದ್ರ ಹಾರೂದಿಲ್ಲ."

ಮಲ್ಲೇಶ್ವರಿ ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

"ಮತ್ತ... ಕಳಕೊಂಡವ್ರು ನೆಲ ನೋಡ್ತಾರ್ರಿ. ನೀವು ಮುಂಜಾನಿಂದ ನನ್ನ ಮುಖ ನೋಡಾಕತ್ತೀರಿ." ಅವನ ದನಿ ಇನ್ನೂ ಮೆಲ್ಲಗಾಯಿತು. "ನಿಮಗ ನಾ ಬ್ಯಾಡಾಗಿದ್ರ ಫಿಕರ್ ಮಾಡಬ್ಯಾಡ್ರಿ. ಮಷೀನಿಗಿ ಸಿಗಲಿಲ್ಲ ಅಂತೀನಿ. ಬ್ಯಾಡಂದಾವ ನಾನs ಅಂತ ಅಕ್ಕಗ ಹೇಳ್ತೀನಿ. ನಿಮ್ಮ ಮ್ಯಾಲ, ನಿಮ್ಮಪ್ಪನ ಮ್ಯಾಲ ಒಂದು ಮಾತು ಬರಲ್ಲ."

ಅವಳಿಗೆ ಕಿವಿಯಲ್ಲಿ ಕುದಿನೀರು ಹೊಯ್ದಂತಾಯಿತು. ಬ್ಯಾಡಂದಾವ ನಾನು... ಅಷ್ಟೇ ಕೇಳಿಸಿದ್ದು!

"ಅದನ್ನ ಹೇಳಾಕ ಇಷ್ಟು ದೂರ ಬಂದ್ರೇನು? ನಿಮಗs ಬ್ಯಾಡಾಗಿದ್ರ ಸೀದಾ ಹೇಳ್ರಿ. ನೆಪಕ್ಕ ನನ್ನ ಬೆರಳು ಯಾಕ ಬೇಕು? ನಿಮ್ಮಕ್ಕ ಅವತ್ತs ಅಂದಿದ್ರು, ಹುಡುಗಿ ಬೆರಳು ದಪ್ಪ ಅಂತ!"

"ನಾ ಎಲ್ಲಿ ಹಂಗ..."

"ಹೋಗ್ರಿ ನೀವು!"

ಮುಖ ತಿರುಗಿಸಿದಳು. ಕಣ್ಣೀರು ಧಾರೆಯಾಗಿ ಇಳಿಯಿತು. ಹಿಂದೆ ಯಂತ್ರವನ್ನು ಚೀಲಕ್ಕೆ ಇಳಿಸುವ ಸದ್ದು... ದಾರಿಯಲ್ಲಿ ನಿಲ್ಲಿಸಿದ್ದ ಬೈಕಿನ ಕಡೆಗೆ ನಡೆದ ಹೆಜ್ಜೆ...

"ಏನಬೇ, ಅವನನ್ನೂ ಚರಗ ಚೆಲ್ಲಿದೇನು?"

ಯಂಕಮ್ಮ ಹುಲ್ಲಿನ ಹೊರೆ ಕೆಳಗಿಟ್ಟು ನಿಂತಿದ್ದಳು.

"ಆಯೀ... ಅವರು ನನ್ನ ಬ್ಯಾಡಂದ್ರು."

"ಸುಳ್ಳs! ನೀ ಬ್ಯಾಡಂದ್ರ ತಪ್ಪು ನಾ ಹೊರತೀನಿ ಅಂದಾನ. ನನ್ನ ಕಿವಿ ಬರೋಬರಿ ಅದ ಅಂತ ಹೇಳೇ ಹೋಗಿದ್ನಲ್ಲ? ಮುಂಜಾನಿಂದ ಆ ಹುಡುಗ ನೆಲಕ್ಕ ಮೂಗು ಹಚ್ಚಿ ತಿರುಗಾಕತ್ತಾನ. ಬ್ಯಾಡಾದಾವ ಹಿಂಗ ಹುಡುಕ್ತಾನೇನು? ಹೊಟ್ಟ್ಯಾಗ ಏನೈತಿ, ಅದನ್ನ ಅವಗ ಹೇಳು. ನನಗ ಹೇಳಬ್ಯಾಡ. ಜಲ್ದಿ ನಡಿ!"

ಮಲ್ಲೇಶ್ವರಿ ಸೀರೆ ಎತ್ತಿ ಹಿಡಿದು ಸಾಲು ದಾಟಿ ಓಡಿದಳು. ಅವನು ಹೊರಡಲು ಬೈಕಿಗೆ ಕೀಲಿ ಹಾಕಿದ್ದ.

"ನಾನs ತಗದಿದ್ದೆ!"

ಅವನು ತಿರುಗಿದ.

"ಉಂಗುರ ನಾನs ತಗದಿದ್ದೆ. ಬೆರಳು ಬಾತಿತ್ತು. ಪಂಚಾಯ್ತಿ ಆಫೀಸಿನಾಗ ದಿನಾ ಕಂಪ್ಯೂಟರ್ ಬಡಿಯೋಳು ನಾನು... ಒಂದೊಂದು ಅಕ್ಷರಕ್ಕ ಜೀವ ಹೋಗ್ತಿತ್ತು. ಅವತ್ತು ಕೈಗಿ ತುಪ್ಪ ಆಗಿತ್ತಲ್ಲ, ಎಳದು ತಗದು ಸೆರಗಿನ ತುದಿಗಿ ಗಂಟು ಹಾಕಿದೆ. ಯಾರಿಗೂ ಹೇಳದ ಸುರಪುರದ ಪತ್ತಾರನ ಕಡಿ ಒಯ್ದು ಜರಾ ಸಡಿಲ ಮಾಡಸಬೇಕು ಅಂತಿದ್ದೆ. ಮನಿಗಿ ಹೋಗಿ ನೋಡಿದ್ರ ಗಂಟು ಬಿಚ್ಚಿತ್ತು..."

"ಮತ್ತ ಚರಗದ ಸಂಗಾಟ ಹೋತು ಅಂತ ಯಾಕಂದ್ರಿ?"

"ಗಾಬರಿ ಆಗಿ ಬಾಯಿಗಿ ಬಂದಿದ್ದು ಅಂದುಬಿಟ್ಟೆ. ನಿಶ್ಚಯದ ಉಂಗುರ ಯಾರರೆ ತಗೀತಾರೇನು ಅಂತಾರಲ್ರಿ! ಮತ್ತ..." ಅವಳು ತಡೆದಳು. "ಅವತ್ತು ಎಲ್ಲಾರೂ ನಕ್ಕಾಗ ನಿಮ್ಮ ಕಿವಿ ಕೆಂಪಾಗಿದ್ವು. ಬಿಗಿ ಆಗ್ಯದ ಅಂದ್ರ ನಿಮಗ ಮತ್ತ ಬ್ಯಾಸರ ಆಗ್ತದ ಅಂತ..."

ದೇವಿಂದ್ರ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ.

"ತಪ್ಪು ನಂದs ರಿ" ಅಂದ. "ಉಂಗುರ ಆರಿಸಿದಾವ ನಾನು. ಅಕ್ಕ ಅಳತಿ ತರಿಸ್ತೀನಿ ಅಂದ್ಲು. ಬ್ಯಾಡ, ನನಗ ಗೊತ್ತದ ಅಂತ ದೊಡ್ಡಸ್ತಿಕಿ ಮಾಡಿದೆ."

"ನಿಮಗ ಹೆಂಗ ಗೊತ್ತು?"

"ನಿಮ್ಮ ಪಂಚಾಯ್ತಿಗಿ ಪೈಪಿನ ಕೆಲಸಕ್ಕ ಬರ್ತಿದ್ದೆ. ಒಂದಿನ ಒಬ್ಬ ಮುದುಕಿ ಪಿಂಚಣಿ ಪಗಾರ ಬಂದಿಲ್ಲಂತ ನಿಮಗ ಬೈಯಾಕತ್ತಿದ್ಲು. ನೀವು ಅಕಿನ್ನ ಕುಂದ್ರಿಸಿ ನೀರು ಕೊಟ್ಟು, 'ಇನ್ನ ಬೈಗಳ ಉಳದಿದ್ರ ಬೈದು ಮುಗಸವ್ವಾ, ಆಮ್ಯಾಲ ನೋಡೂಣು' ಅಂದ್ರಿ. ಮುದುಕಿ ನಕ್ಕುಬಿಟ್ಲು. ನಾ ಬಾಗಲದಾಗ ನಿಂತಿದ್ದೆ. ನೀವು ನೋಡಲಿಲ್ಲ."

ಮಲ್ಲೇಶ್ವರಿ ತಲೆಯೆತ್ತಿದಳು. "ಹಂಗಾದ್ರ... ಸಂಬಂಧ ಕೇಳಿದ್ದು ಅಕ್ಕಾರಲ್ಲೇನು?"

"ನಾನು. ಅವತ್ತು ಸಂಜಿನs ಅಕ್ಕಗ ಹೇಳಿದೆ." ಅವನ ಕಿವಿಗಳು ಮತ್ತೆ ಕೆಂಪಾಗಿದ್ದವು. "ಮಂದೀ ಸಾಮಾನು ಕಣ್ಣಳತಿಲೇ ಹೇಳ್ತೀನಿ. ನಿಮ್ಮ ಕೈ ನೋಡಿದಾಗ ಅಂದಾಜು ತಪ್ಪಿತು."

ಅವಳಿಗೆ ನಗು ಬಂತು. ಅಳುವಿನ ಜೊತೆಗೇ ಬಂತು.

ದೇವಿಂದ್ರ ಯಂತ್ರ ಮತ್ತೆ ಹೊರಗೆ ತೆಗೆದ. "ಈಗ ಖರೆ ಹೇಳ್ರಿ. ಗಂಟು ಹಾಕಿದ ಮ್ಯಾಲ ಆ ಸೆರಗಿಲೆ ಏನೇನ್ ಮಾಡಿದ್ರಿ?"

"ಕೈ ಒರಸ್ಕೊಂಡೆ... ಬಿಸಿ ಗಡಿಗಿ ಹಿಡದೆ... ಆಮ್ಯಾಲ ಹುಡುಗ್ರಿಗೆ ಹಸಿ ಕಡ್ಲಿ ಕಿತ್ತು ಸೆರಗಿನಾಗ ಕಟ್ಕೊಂಡ್ ಬಂದೆ..."

"ಎಲ್ಲಿ ಸುರದ್ರಿ?"

"ಅಲ್ಲೇ. ಬೇವಿನ ಗಿಡದ ಆ ಬಾಜೂಕ. ಹುಳಿ ಹತ್ತ್ಯದಂತ ಸೆರಗು ಝಾಡಿಸಿದ್ದೆ..." ಮಾತು ಅಲ್ಲಿಗೇ ನಿಂತಿತು. "ಆದ್ರ ಅಲ್ಲಿ ನಾ ಒಬ್ಬಾಕಿ ಬಂದು ಕಸ ಎಲ್ಲಾ ಸರಿಸಿ ಹುಡುಕೀನ್ರಿ!"

"ಮ್ಯಾಲ ಹುಡುಕೀರಿ. ಭೂಮಿ ಬಿರಕು ಬಿಟ್ಟದ ನೋಡ್ರಿ."

ಕರಿ ಮಣ್ಣು ಚಳಿಗಾಲದ ಬಿಸಿಲಿಗೆ ಬಾಯಿ ತೆರೆದಿತ್ತು. ಕಡಲೆ ಸಿಪ್ಪೆಯ ಮೇಲೆ ಯಂತ್ರ ನಿಧಾನ ಆಡಿತು. ಒಂದು ಕಡೆ ದೇವಿಂದ್ರ ನಿಂತ. ಹಿಂದೆ ಸರಿದ. ಮತ್ತೆ ಅಲ್ಲಿಗೇ ತಂದ. ಹೆಡ್‌ಫೋನ್ ತೆಗೆದು ಮೆಲ್ಲಗೆ ಅವಳ ಕಿವಿಗಿಟ್ಟ.

ಅವನ ಬೆರಳು ಅವಳ ಕೂದಲಿಗೆ ತಾಗಿತು. ಒಳಗೆ ದುಂಡನೆಯ, ತೆಳ್ಳನೆಯ ಒಂದು ದನಿ...

"ಬಂಗಾರೇನ್ರಿ?"

"ಗುಟ್ಕಾ ಚೀಟಿನೂ ಇರಬಹುದು. ತಗದು ನೋಡ್ರಿ."

ಅವಳು ಬಿರುಕಿನೊಳಗೆ ಬೆರಳು ಇಳಿಸಿದಳು. ತಂಪು ಮಣ್ಣು. ಇನ್ನೂ ಕೆಳಗೆ... ಏನೋ ನುಣ್ಣಗೆ ತಾಗಿತು. ಎತ್ತಿ ಹಿಡಿದಾಗ, ಮಣ್ಣು ಮೆತ್ತಿಕೊಂಡೇ, ಉಂಗುರ ಹೊಳೆಯಿತು!

ಅವಳು ಅದನ್ನು ಸೆರಗಿಗೆ ಉಜ್ಜಿ ಮಣ್ಣು ಒರೆಸಿದಳು.

ದೇವಿಂದ್ರ ಅಲ್ಲೇ ನಿಂತು ಅಕ್ಕನಿಗೆ ಫೋನು ಹಚ್ಚಿದ. "ಅಕ್ಕಾ, ಸಿಕ್ತು... ಇಲ್ಲ, ಅಕಿದೇನೂ ತಪ್ಪಿಲ್ಲ. ನಾ ಸಣ್ಣದು ತಂದಿದ್ದೆ. ಬೆರಳು ಬಾತು ಸುಲದದ ಅಕಿದು. ತಗದು ಸೆರಗಿಗಿ ಕಟ್ಕೊಂಡಿದ್ಲು, ಬಿಚ್ಚಿ ಬಿದ್ದಿತ್ತು."

ಆಚೆಯಿಂದ ಶಾಂತಾದೇವಿಯ ದನಿ ಮಲ್ಲೇಶ್ವರಿಗೂ ಕೇಳುವಷ್ಟು ಜೋರಾಗಿ ಬಂತು. "ಸುಲದದಾ? ಅಯ್ಯ ನಿನ್ನ! ಅಳತಿ ತರಸ್ತೀನಿ ಅಂದ್ರ ಕೇಳಿದೇನು? ಬರ್ತಾ ಔಷಧ ಅಂಗಡ್ಯಾಗ ಮುಲಾಮು ಕೊಡಿಸಿ ಬಾ ಹುಡುಗಿಗಿ. ಇಲ್ಲಿ ತನಾ ಸುಮ್ಮನಿದ್ಲಲ್ಲೋ ಪಾಪ! ನನ್ನ ಬಾಯೂ ಹಂಗs ಅದ, ಏನಂದುಬಿಟ್ನೋ..."

ಮಲ್ಲೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಂಗುರವನ್ನು ಅವನ ಅಂಗೈಯಲ್ಲಿಟ್ಟಳು.

"ಸಡಿಲ ಮಾಡಿಸಿ ತರ್ರಿ. ಆಮ್ಯಾಲ ನೀವs ಇಡ್ರಿ."

"ಈ ಸಲ ಅಳತಿ ಕೊಡ್ರಿ."

ಅವಳು ಕೈ ಚಾಚಿದಳು. ಅವನು ಹೊಲದ ಅಂಚಿನಿಂದ ಒಂದು ಹುಲ್ಲಿನ ಎಸಳು ಕಿತ್ತು, ಸುಲಿದ ಗೆಣ್ಣಿಗೆ ನೋವಾಗದ ಹಾಗೆ ಸುತ್ತಿ, ಉಗುರಿನಿಂದ ಗುರುತು ಮಾಡಿಕೊಂಡ. ಅಳತೆ ಮುಗಿದ ಮೇಲೂ ಆ ಕೈ ಬಿಡಲಿಲ್ಲ. ಅವಳೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ದೂರದಲ್ಲಿ ಯಂಕಮ್ಮ ಇವರಿಗೆ ಬೆನ್ನು ಮಾಡಿ, ಕೊಯ್ದ ಹುಲ್ಲನ್ನೇ ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು.

"ರೀ... ಇವತ್ತು ಸಿಗದಿದ್ರ ಏನ್ ಮಾಡ್ತಿದ್ರಿ?"

"ನಾಳೆ ಬರ್ತಿದ್ದೆ."

"ನಾಳೆನೂ ಸಿಗದಿದ್ರ?"

"ಕಡ್ಲಿ ಕೀಳೋತನಾ ದಿನಾ ಬರ್ತಿದ್ದೆ."

"ಕಿತ್ತ ಮ್ಯಾಲ?"

ದೇವಿಂದ್ರ ಹೊಲದುದ್ದಕ್ಕೂ ಕಣ್ಣು ಹಾಯಿಸಿ, ಅವಳ ಕಡೆ ತಿರುಗಿ ನಕ್ಕ.

"ಬಿತ್ತಾಕ ಬರ್ತಿದ್ದೆ, ಮಲ್ಲೇಶ್ವರಿ."

ಅವಳು ತಲೆ ತಗ್ಗಿಸಿದಳು. ಅಜ್ಜಿಗೆ ಕೇಳಿಸದಷ್ಟು ಸಣ್ಣಗೆ ಅಂದಳು.

"ಸಿಕ್ಕ ಮ್ಯಾಲೂ ಬರ್ರಿ."