ಗುರುವಾರದ ಕೆಮ್ಮಣ್ಣು

ಅನ್ನ ಅರ್ಧ ಬೆಂದಿತ್ತು. ಒಲೆ ಆರಿತು.

ಜಂಬಮ್ಮ ಗುಂಡಿ ತಿರುಗಿಸಿದಳು. ಕಡ್ಡಿ ಗೀರಿದಳು. ಮತ್ತೊಂದು ಗೀರಿದಳು. ಬೆರಳು ಸುಟ್ಟಿತೇ ಹೊರತು ಬರ್ನರಿನಲ್ಲಿ ಉಸಿರೇ ಇರಲಿಲ್ಲ. ಆಚೆ ಪಡಸಾಲೆಯಲ್ಲಿ ಊಟಕ್ಕೆ ಕೂತವರು ಎಲೆಗೆ ನೀರು ಚಿಮುಕಿಸಿಕೊಂಡು ಕಾಯುತ್ತಿದ್ದರು.

"ವೀರಕ್ಕಾ!" ನಡುಗೋಡೆಯಾಚೆಯಿಂದ ಅವಳ ಕೂಗು ಬಂತು. "ನಿಮ್ಮ ಸ್ಟೋವ್ ಕೊಡ್ರಿ! ಗ್ಯಾಸು ಮತ್ತ ಖಾಲಿ ಆಗೇತಿ. ಆ ಸಿಲಿಂಡರ್ ತರೋ ಹೊನ್ನೂರಪ್ಪ ಮತ್ತ ಕದ್ದಾನ!"

ನಾನು ಸೀಮೆಎಣ್ಣೆ ಸ್ಟೋವ್ ಹಿಡಿದು ಓಡಿದೆ. ಅದರಲ್ಲೂ ಎಣ್ಣೆ ತಳಕ್ಕೆ ಹೋಗಿತ್ತು. ಎಂಬತ್ತೊಂದರ ಬೇಸಿಗೆ ಅದು. ಎಣ್ಣೆ, ಡೀಸೆಲು, ಗ್ಯಾಸು—ಎಲ್ಲದರ ದರ ಏರುತ್ತಿದ್ದ ಕಾಲ. ಬಳ್ಳಾರಿಯ ಹತ್ತಿ ಮಾರ್ಕೆಟ್ಟಿಗೆ ಬರುವ ಲಾರಿಗಳೇ ಕಡಿಮೆಯಾಗಿದ್ದವು. ಲಾರಿ ಇಲ್ಲದ ಮೇಲೆ ಹಮಾಲರಿಗೆ ಕೆಲಸವೆಲ್ಲಿ? ಅವರು ಜಂಬಮ್ಮನ ಖಾನಾವಳಿಯ ಮುಂದೆಯೇ ಹಾದು ಹೋಗಿ, ಮೂಲೆಯ ಅಂಗಡಿಯಲ್ಲಿ ಚಹಾ ಕುಡಿದು ಮಧ್ಯಾಹ್ನ ಮುಗಿಸುತ್ತಿದ್ದರು. ಜಂಬಮ್ಮನೂ ಊಟದ ದರ ಏರಿಸಿದ್ದಳು. ಏರಿಸಿದ ದಿನ ಅವಳು ಬಾಗಿಲ ದರದ ಬೋರ್ಡಿನತ್ತ ಮುಖ ಎತ್ತಿರಲಿಲ್ಲ.

ಎರಡು ವರ್ಷ ಕಾದು ಪಡೆದ ಗ್ಯಾಸು ಅವಳದು. ಬಂದ ದಿನವೇ ಅತ್ತೆಯ ಸೌದೆ ಒಲೆ ಒಡೆಸಿ, ಅಲ್ಲಿ ಸಿಮೆಂಟು ಕಟ್ಟೆ ಕಟ್ಟಿಸಿದ್ದಳು. ಅಮಾವಾಸ್ಯೆಗೆ ಹಚ್ಚಿದ ಸಿಲಿಂಡರ್ ಹುಣ್ಣಿಮೆ ನೋಡುತ್ತಿತ್ತು. ಈಗ ಹುಣ್ಣಿಮೆಗೆ ದಿನ ಉಳಿದಿರುವಾಗಲೇ ಬರಿದಾಗುತ್ತಿತ್ತು.

"ಮುಂಜಾನಿನ ಏಜೆನ್ಸಿಯವರಿಗೆ ಹೇಳಿ ಬಂದೀನಿ," ಎಂದಳು ಜಂಬಮ್ಮ, ನನ್ನ ಸ್ಟೋವಿಗೆ ಗಾಳಿ ಒತ್ತುತ್ತ. "ನಾಳಿ ಸಂಜಿಯೊಳಗ ಅವ ತಾ ಕದ್ದಿಲ್ಲ ಅಂತ ತೋರಸಬೇಕು. ಇಲ್ಲಾಂದ್ರ ಅವನ ಕೆಲಸ ಹೋತು."

"ಸಿಲಿಂಡರ್ ಬಂದಾಗಲೇ ತೂಕ ಕಮ್ಮಿ ಇತ್ತೇನು?"

"ಇಲ್ಲ. ಎದುರಿನ ಹತ್ತಿ ಅಂಗಡಿ ತಕ್ಕಡ್ಯಾಗ ತೂಗಿಸೀನಿ. ಸರಿ ಇತ್ತು. ಆಮ್ಯಾಲೆ ಬಂದು ತೆಗೀತಾನ. ನೀವ ನೋಡೀರಲ್ಲ, ನಿನ್ನಿ?"

ನೋಡಿದ್ದೆ. ಅದೇ ನನ್ನ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು. ಗುರುವಾರ ಖಾನಾವಳಿಗೆ ರಜೆ. ಜಂಬಮ್ಮ ಅಕ್ಕಿ ತರಲು ಸಿರುಗುಪ್ಪದ ಬಸ್ಸು ಹತ್ತುತ್ತಾಳೆ. ಅಲ್ಲಿ ಮಿಲ್ಲಿನಲ್ಲಿ ಅಕ್ಕಿ ಅಗ್ಗ. ನಿನ್ನೆ ಮಧ್ಯಾಹ್ನ ಅವಳಿಲ್ಲದಾಗ ಗ್ಯಾಸ್ ತರುವ ಹೊನ್ನೂರಪ್ಪ ಹಿತ್ತಲ ಓಣಿಯಿಂದ ಬಂದು ಸೈಕಲ್ ಏರಿದ್ದ. ಸೈಕಲ್ಲಿನಲ್ಲಿ ಸಿಲಿಂಡರ್ ಇರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದೆ. ನನ್ನ ಮಾತಿಗೆ ಒಬ್ಬನ ಒಲೆ ಆರುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಊಟದ ಗದ್ದಲ ಮುಗಿದದ್ದೇ ನಾನು ವಕೀಲರ ಮನೆಗೆ ಹೋದೆ.

ವಕೀಲರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಹೆಂಡತಿ ಶಿವಬಸಮ್ಮ ಇದ್ದಳು. ಗಂಡನ ಕಕ್ಷಿದಾರರಿಗೆ ಕಾಫಿ ಕಳಿಸಿ, ಪರದೆಯ ಹಿಂದೆ ನಿಂತು ಅವರ ಮಾತು ಕೇಳಿಯೇ ಅವಳ ಕೂದಲು ಬೆಳ್ಳಗಾಗಿತ್ತು. ನಮ್ಮ ಓಣಿಯಲ್ಲಿ ಸರ ಕಳೆದರೂ ಮಾತು ಕಳೆದರೂ ಅವಳೇ ಹುಡುಕಬೇಕು.

ನನ್ನ ಮಾತು ಪೂರ್ತಿ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು.

"ಅವನ ಕೈಯಾಗ ಏನಿತ್ತು?"

"ಏನೂ ಇದ್ದಿಲ್ಲ. ಹೆಗಲ ಟವೆಲ್ಲಿನಿಂದ ಕೈ ಒರಸಿಕೊಳ್ತಿದ್ದ. ಬಾಯಿನೂ."

"ಹೂಂ." ಅವಳು ಚಪ್ಪಲಿ ಮೆಟ್ಟಿದಳು. "ನಡಿ."

ಖಾನಾವಳಿಯ ಹಿತ್ತಲಲ್ಲಿ ಉಚ್ಚೆಂಗೆಮ್ಮ ಪಾತ್ರೆ ತಿಕ್ಕುತ್ತಿದ್ದಳು. ಶಿವಬಸಮ್ಮ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಒಲಿ ಒರಸೋದು ನೀನ ಏನವ್ವಾ?"

"ನಾನ ರೀ. ದಿನಾ ಮುಂಜಾನಿ. ಗುರುವಾರ ಒಂದ್ ದಿನ ನನಗೂ ರಜಾ."

"ಬರ್ನರಿನ್ಯಾಗ ಏನಾರ ಹಿಡಿದಿರ್ತೈತೇನು?"

"ಸಾರು ಉಕ್ಕಿರ್ತೈತಿ, ಗಂಜಿ ಉಕ್ಕಿರ್ತೈತಿ. ಆದ್ರ ಈಗೀಗ ಶುಕ್ರವಾರ ಬಂದು ನೋಡಿದ್ರ—ಕೆಂಪಗ ಹಕ್ಕಳಿ ಕಟ್ಟಿರ್ತೈತಿ. ಸೂಜಿಲೆ ಚುಚ್ಚಿ ತೂತು ಬಿಡಸಬೇಕು. ಇವತ್ತೂ ಚುಚ್ಚೀನಿ, ನೋಡ್ರಿ, ಬೆರಳು ಹೆಂಗಾಗೇತಿ."

ಜಂಬಮ್ಮ ಬಾಗಿಲಿಗೆ ಬಂದಳು. "ಗ್ಯಾಸಿನ್ಯಾಗ ಮಣ್ಣು ತುಂಬಿ ಕೊಡ್ತಾರ, ಅಕ್ಕಾರ. ದರ ಬಂಗಾರದ್ದು, ಮಾಲು ಮಣ್ಣಿಂದು!"

"ಶುಕ್ರವಾರ ಒಂದ ದಿನ ಮಣ್ಣು ಬರಾಕ, ಗ್ಯಾಸು ಏನು ಪಂಚಾಂಗ ನೋಡ್ತೈತೇನು?"

ಉಚ್ಚೆಂಗೆಮ್ಮ ಮೂಗಿಗೆ ಸೆರಗು ಹಚ್ಚಿ ನಕ್ಕಳು. ಜಂಬಮ್ಮ ನಗಲಿಲ್ಲ.

"ಗುರುವಾರ ಮನ್ಯಾಗ ಯಾರಿರ್ತಾರ?" ಶಿವಬಸಮ್ಮ ಕೇಳಿದಳು.

"ನಮ್ಮತ್ತಿ ಒಬ್ಬಾಕಿ. ಆಕಿನ್ನ ಬಿಡ್ರಿ. ಗ್ಯಾಸು ಹಚ್ಚಿದ್ರ ಆಕಿ ಹೊರಗ ಓಡ್ತಾಳ."

ಅತ್ತೆ ಕೊಟ್ರಮ್ಮ ಹಿತ್ತಲ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಕುರುಗೋಡಿನವಳು. ಎಳೆವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಮೂರು ಕಲ್ಲಿನ ಒಲೆ ಹೂಡಿ ಹಮಾಲರಿಗೆ ಅನ್ನ ಹಾಕಿ ಈ ಖಾನಾವಳಿ ಕಟ್ಟಿದವಳು ಅವಳೇ. ಈಗ ಒಲೆ ಸೊಸೆಯದು. ಅವಳ ಪಾಲಿಗೆ ಈ ಮೂಲೆ, ಒಂದು ಚಾಪೆ.

"ದೊಡ್ಡವ್ವಾ, ನಿನ್ನಿ ಮಧ್ಯಾಹ್ನ ಯಾರಾರ ಬಂದಿದ್ರೇನು?"

"ನಾ ಮಲಗಿದ್ದೆನವ್ವಾ. ಯಾರು ಬಂದ್ರೋ, ಯಾರು ಹೋದ್ರೋ."

"ಗ್ಯಾಸು?"

"ಆ ಬುಸುಗುಡೋ ಹಾವಿನ ಒಲಿ ನಾ ಮುಟ್ಟಂಗಿಲ್ಲ."

ಶಿವಬಸಮ್ಮನ ಕಣ್ಣು ಮುದುಕಿಯ ಪಕ್ಕದ ತೆಂಗಿನ ಚಿಪ್ಪಿನ ಮೇಲೆ ನಿಂತಿತು. ಅದರಲ್ಲಿ ನುಣ್ಣಗೆ ಕಲೆಸಿದ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು.

"ಇದು?"

"ಕೆಮ್ಮಣ್ಣು. ಕುರುಗೋಡಿಗೆ ಹೋದಾಗ ಗುಡ್ಡದ ಬುಡದಾಗಿಂದ ತಂದಿದ್ದೆ. ಕಟ್ಟಿ ಸಾರಸಾಕ."

ಕೆಮ್ಮಣ್ಣು ಎಲ್ಲರ ಮನೆಯಲ್ಲೂ ಇರುತ್ತದೆ. ನಾನು ಮುಂದಕ್ಕೆ ನಡೆದೆ. ಶಿವಬಸಮ್ಮ ಮಾತ್ರ ಹೊಸಿಲ ಮೇಲೆ ಅರೆಗಳಿಗೆ ನಿಂತು, ಬಾಗಿಲ ಬದಿಯ ಕಟ್ಟೆಯನ್ನು ಕಾಲಿನಿಂದ ಸವರಿ ನೋಡಿದಳು.

ಹೊನ್ನೂರಪ್ಪ ಗ್ಯಾಸ್ ಗೋಡೌನಿನ ಮುಂದಿನ ಬೇವಿನ ಮರದ ಕೆಳಗೆ ಸಿಕ್ಕ. ಸೈಕಲ್ ನಿಲ್ಲಿಸಿಕೊಂಡು ಸುಮ್ಮನೆ ಕೂತಿದ್ದ.

"ಕೆಲಸ ಇಲ್ಲೇನು?" ಶಿವಬಸಮ್ಮ ಕೇಳಿದಳು.

"ಎಲ್ಲಿ ಕೆಲಸ, ಅಮ್ಮಾರ? ದರ ಏರಿದ ಮ್ಯಾಲೆ ಮಂದಿ ಒಂದ್ ಸಿಲಿಂಡರ್ ಎರಡರಂಗ ಎಳೀತಾರ. ನಮಗ ಹೊತ್ತಷ್ಟ ಕೂಲಿ."

"ನಿನ್ನ ಮನ್ಯಾಗ ಯಾವ ಒಲಿ?"

ಅವನು ನಕ್ಕ. "ಹೆಗಲಿಗೆ ಗ್ಯಾಸು, ಒಲಿಗೆ ಹತ್ತಿಕಟ್ಟಿಗಿ."

"ಜಂಬಮ್ಮನ ಗ್ಯಾಸು ಕದ್ದೀ ಏನು?"

"ಏನಾರ ಅನ್ಕೊಳ್ರಿ."

"ನಿನ್ನಿ ಅಲ್ಲಿ ಯಾಕ ಹೋಗಿದ್ದಿ?"

"ಹೋಗಿದ್ದೆ."

"ಲೇ ಹೊನ್ನೂರಪ್ಪ," ನಾನು ತಡೆಯಲಾರದೆ ಅಂದೆ, "ನಾಳಿ ಸಂಜಿಗೆ ನಿನ್ನ ಕೆಲಸ ಹೋಗ್ತೈತಿ. ಮನ್ಯಾಗ ನಿನ್ನ ಹೆಂಡ್ತಿ ಮಾರೆಮ್ಮ ಬಾಣಂತಿ ಅದಾಳ. ಕದ್ದಿಲ್ಲ ಅಂತನಾರ ಹೇಳು!"

ಅವನು ನೆಲ ನೋಡಿದ. ಪೆಡಲನ್ನು ಕಾಲಿನಿಂದ ಹಿಂದಕ್ಕೆ ತಿರುಗಿಸಿದ. ಸರಪಳಿ ಕಿರುಗುಟ್ಟಿತು.

"ಉಂಡ ಮನಿ ಗಳ ಎಣಸಬಾರದ್ರೀ, ಅಮ್ಮಾರ," ಎಂದ. ಸೈಕಲ್ ತಳ್ಳಿಕೊಂಡು ಗೋಡೌನಿನೊಳಗೆ ಹೋದ.

ಹಿಂದಿರುಗಿ ಬಂದು ಇದನ್ನು ಹೇಳಿದಾಗ ಜಂಬಮ್ಮ ಕೆರಳಿದಳು. "ಇವ ನಮ್ಮ ಮನ್ಯಾಗ ಯಾವಾಗ ಉಂಡಾನ? ದರ ಏರಿದ ಮ್ಯಾಲೆ ಒಂದ್ ದಿನನೂ ಎಲಿ ಮುಂದ ಕೂತಿಲ್ಲ!"

"ಅದ ನನಗ ತಿಳೀಬೇಕಾಗಿತ್ತು," ಎಂದಳು ಶಿವಬಸಮ್ಮ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕದ್ದವನು ಆಣೆ ಹಾಕುತ್ತಾನೆ, ಅಳುತ್ತಾನೆ, ಬೇರೆಯವರ ಹೆಸರು ಹೇಳುತ್ತಾನೆ. ಇವನು ಯಾಕೆ ಏನೂ ಹೇಳುವುದಿಲ್ಲ? ಯಾರನ್ನು ಕಾಯುತ್ತಿದ್ದಾನೆ?

ಶನಿವಾರ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಶಿವಬಸಮ್ಮ ಒಂದು ಹೊಸ ಅಲ್ಯೂಮಿನಿಯಂ ಬೋಗುಣಿ ಹಿಡಿದು ಬಂದಳು. ನಮ್ಮನ್ನೆಲ್ಲ ಹಿತ್ತಲ ಬಾಗಿಲಲ್ಲೇ ಕೂರಿಸಿದಳು. ಹೊನ್ನೂರಪ್ಪನನ್ನೂ ಕರೆಸಿದ್ದಳು. ಅವನು ಬೇಲಿಯ ಬಳಿ ನಿಂತ.

"ದೊಡ್ಡವ್ವಾ, ಇದು ನನ್ನ ತಂಗಿ ಮಗಳಿಗೆ ತಂದೀನಿ. ಹಮಾಲರಿಗೆ ಅನ್ನ ಹಾಕಿದ ಕೈ ನಿಮ್ಮದು. ಹತ್ತು ಮಂದಿಗೆ ಸಾಕಾಗ್ತೈತೇನು?"

ಮುದುಕಿ ಬೋಗುಣಿಯನ್ನು ಬೆರಳಿನಿಂದ ಬಡಿದು ನೋಡಿದಳು. "ಹಮಾಲರಾದ್ರ ಆರು ಮಂದಿಗೆ. ಅವರ ಹೊಟ್ಟಿ ನಮ್ಮಂಗಲ್ಲವ್ವಾ, ಮೂಟಿ ಹೊತ್ತು ಬಂದಿರ್ತಾರ."

"ಹಂಗಾರ ಇದನ್ನ ಒಲಿ ಮ್ಯಾಲೆ ಇಡೂಣು. ಅನ್ನಕ್ಕ ಎಸರಿಡ್ರಿ. ನೀರು ಎಷ್ಟು ಹಾಕಬೇಕು?"

"ಅಕ್ಕಿ ನೋಡಿ ಹಾಕಬೇಕು. ಸಿರುಗುಪ್ಪದ ಹೊಸ ಅಕ್ಕಿ ಆದ್ರ ನೀರು ಕಮ್ಮಿ, ಹಳೇದಾದ್ರ..."

ಮಾತು ನಡೆದೇ ಇತ್ತು. ಮುದುಕಿಯ ಬಲಗೈ ತಾನಾಗಿ ಚಿಪ್ಪಿಗೆ ಹೋಯಿತು. ಮೂರು ಬೆರಳಲ್ಲಿ ಕೆಮ್ಮಣ್ಣು ತೆಗೆಯಿತು. ಬೋಗುಣಿಯನ್ನು ಮಗುಚಿ, ಅದರ ಬುಡಕ್ಕೆ ಮಣ್ಣು ಬಳಿಯತೊಡಗಿತು—ಅಂಚಿನಿಂದ ನಡುವಿಗೆ, ದುಂಡಗೆ, ನುಣ್ಣಗೆ.

ಮುದುಕಿ ತಲೆ ಎತ್ತಿ ನಮ್ಮ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಕೈ ನಿಂತಿತು.

"ಸೌದಿ ಒಲಿ ಮ್ಯಾಲೆ ಪಾತ್ರಿ ಇಡೋ ಮುಂಚೆ ಬುಡಕ್ಕ ಮಣ್ಣು ಬಳೀತೀವಿ," ಶಿವಬಸಮ್ಮ ಮೆಲ್ಲಗೆ ಹೇಳಿದಳು. "ಮಸಿ ಮಣ್ಣಿಗೆ ಹಿಡೀತೈತಿ, ಪಾತ್ರಿಗಲ್ಲ. ತೊಳೆದ್ರ ಹೋತು. ನಮ್ಮವ್ವ ಬಳೀತಿದ್ಲು, ನಾನೂ ಬಳಿದೀನಿ. ಆದ್ರ ಗ್ಯಾಸಿಗೆ ಮಸಿ ಎಲ್ಲೈತಿ? ಗ್ಯಾಸು ಬಲ್ಲೋರು ಯಾರೂ ಬಳಿಯಂಗಿಲ್ಲ. ಜಂಬಮ್ಮ ಬಳಿಯಂಗಿಲ್ಲ. ಕಾದ ಮಣ್ಣು ಉದುರಿ ಬರ್ನರಿನ ತೂತಿನಾಗ ಕೂತೈತಿ. ಉಚ್ಚೆಂಗೆಮ್ಮ ಶುಕ್ರವಾರ ಸೂಜಿಲೆ ಚುಚ್ಚಿದ್ದು ಅದನ್ನ."

"ಕಟ್ಟಿ ಸಾರಸಾಕ ಅಂದ್ರಲ್ಲ..." ನಾನು ತೊದಲಿದೆ.

"ಎಲ್ಲೈತಿ ಮಣ್ಣಿನ ಕಟ್ಟಿ? ಇದು ಸಿಮೆಂಟು. ಸಿಮೆಂಟಿನ ಮನಿಗೆ ಕೆಮ್ಮಣ್ಣು ಯಾಕ ಬೇಕು? ಆದ್ರ ಕೈ ರೂಢಿ ಬಿಡಂಗಿಲ್ಲ; ಮಣ್ಣು ನಿನ್ನಿನೂ ಹಸಿ ಇತ್ತು, ಇವತ್ತೂ ಹಸಿ ಐತಿ." ಅವಳು ನನ್ನತ್ತ ತಿರುಗಿದಳು. "ಇನ್ನ ನೀ ಕಂಡದ್ದು. ಕದ್ದವ ಏನಾರ ಹೊತ್ತುಕೊಂಡು ಬರ್ತಾನ, ವೀರಮ್ಮ. ಇವ ಬಾಯಿ ಒರಸಿಕೊಂಡು ಬಂದ. ಉಂಡು ಬಂದ. ಅದಕ್ಕ ಗಳ ಎಣಸಲಿಲ್ಲ."

ಜಂಬಮ್ಮನ ಮುಖ ಬಿಳಿಚಿತ್ತು. "ಅತ್ತೀ? ನೀವು?"

ಕೊಟ್ರಮ್ಮ ಮಣ್ಣಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಹಚ್ಚೋದು ನಾನ ಕಲಿಸಿಕೊಟ್ಟೆ, ಅಕ್ಕಾರ," ಬೇಲಿಯ ಬಳಿಯಿಂದ ಹೊನ್ನೂರಪ್ಪ ಹೇಳಿದ. "ಅಜ್ಜಿ ಕೈ ನಡುಗ್ತಿತ್ತು. ಸುಟ್ಟುಕೊಂಡಾಳು ಅಂತ."

"ಯಾರಾರಿಗೆ ಹಾಕಿದ್ರಿ?" ಜಂಬಮ್ಮನ ದನಿ ಏರಿತು.

"ದುರುಗಪ್ಪನ ಗ್ಯಾಂಗಿನ ಹಮಾಲರು," ಎಂದಳು ಮುದುಕಿ. "ಇವನೂ. ದಿನಾ ಅಲ್ಲವ್ವಾ, ಗುರುವಾರ ಒಂದ ದಿನ. ಅಕ್ಕಿ ನನ್ನ ತವರಿಂದು. ಇಪ್ಪತ್ತು ವರ್ಷ ನನ್ನ ಎಲಿ ಮ್ಯಾಲೆ ಉಂಡೋರು, ಬೋರ್ಡು ನೋಡಿ ತಲಿ ತಗ್ಗಿಸಿ ಹೋಗ್ತಿದ್ರು. ನಾ ಇಲ್ಲಿ ಕೂತು ನೋಡ್ತಿದ್ದೆ."

"ನಾನೇನು ಬಂಗಾರ ಮಾಡಿಸಿಕೊಂಡೆನೇನು? ಗ್ಯಾಸಿಗೆ ಏರೇತಿ, ಎಣ್ಣಿಗೆ ಏರೇತಿ, ಬಸ್ ಚಾರ್ಜಿಗೆ ಏರೇತಿ. ಏರಸದಿದ್ರ ಈ ಬಾಗಿಲಾ ಮುಚ್ಚತಿತ್ತು. ಒಂದ್ ಮಾತು ಕೇಳಿದ್ರ ನಾ ಬ್ಯಾಡ ಅಂತಿದ್ನೇನು, ಅತ್ತಿ?"

"ಅಂತಿದ್ದಿಲ್ಲ. ನೀ ಕೆಟ್ಟಾಕಿ ಅಲ್ಲ." ಮುದುಕಿ ಸೊಸೆಯನ್ನು ನೇರ ನೋಡಿದಳು. "ಆದ್ರ ಕೇಳಬೇಕಾತಲ್ಲ, ಜಂಬವ್ವಾ. ನಾ ಹೂಡಿದ ಒಲಿ ಮುಂದ ನಿಂತು, ಅನ್ನ ಮಾಡ್ಲೇನು ಅಂತ ನಾ ಕೇಳಬೇಕಾತಲ್ಲ."

ಜಂಬಮ್ಮನ ಕಣ್ಣು ಒಡೆದ ಒಲೆಯ ಜಾಗದಲ್ಲಿದ್ದ ಸಿಮೆಂಟು ಕಟ್ಟೆಗೆ ಹೋಗಿ ಅಲ್ಲೇ ನಿಂತಿತು. ಆ ಒಲೆ ಒಡೆದ ದಿನ ಅತ್ತೆ ಊಟ ಬಿಟ್ಟಿದ್ದಳು. ಜ್ವರವೆಂದಿದ್ದಳು. ನಾನೇ ಕಷಾಯ ಮಾಡಿ ಕೊಟ್ಟಿದ್ದೆ. ಕಳವಿಗಿಂತ ಮೊದಲು ನಡೆದ ಕಳವು ಅದು. ನಮಗ್ಯಾರಿಗೂ ಕಂಡಿರಲಿಲ್ಲ.

ಶಿವಬಸಮ್ಮ ಎದ್ದಳು. "ಹೊತ್ತು ಇಳೀತೈತಿ. ಏಜೆನ್ಸಿ ಬಾಗಿಲು ಹಾಕ್ತಾರ."

ಜಂಬಮ್ಮ, ನಾನು ಇಬ್ಬರೂ ಬಿರಬಿರನೆ ನಡೆದೆವು. ಜಂಬಮ್ಮ ಏಜೆನ್ಸಿಯ ಮೇಜಿನ ಮುಂದೆ ನಿಂತು, "ತಪ್ಪು ನಮ್ಮ ಮನೀದು. ಇವ ಕದ್ದಿಲ್ಲ," ಎಂದಳು. ಕದ್ದವರು ಯಾರೆಂದು ಅವರು ಕೇಳಿದರು. "ಕದ್ದಿಲ್ಲ ಅಂದೆನಲ್ಲ. ಯಾರೂ ಕದ್ದಿಲ್ಲ." ನಾನೂ ಕಂಡದ್ದನ್ನು ಈ ಸಲ ಪೂರ್ತಿ ಹೇಳಿದೆ. ಹೊನ್ನೂರಪ್ಪನ ಕೆಲಸ ಉಳಿಯಿತು. ಹೊರಡುವಾಗ ಮೇಜಿನಾಚೆಯವನು ಆಕಳಿಸುತ್ತ ಅಂದ: ಮಳೆಗಾಲದ ಹೊತ್ತಿಗೆ ದರ ಮತ್ತೆ ಏರುತ್ತದಂತೆ.

ದಾರಿಯುದ್ದಕ್ಕೂ ಜಂಬಮ್ಮ ಗಂಜಿ ಬಸಿಯುವ ಹೆಂಗಸಿನ ಹಾಗೆ ಒಳಗೊಳಗೇ ಏನನ್ನೋ ಬಗ್ಗಿಸಿ ಹಿಡಿದಿದ್ದಳು. ಮನೆಯ ಹತ್ತಿರ ಬಂದಾಗ ಕೇಳಿದಳು: "ವೀರಕ್ಕ, ನಿಮ್ಮ ಹಿತ್ತಲಾಗ ಮೂರು ಕಲ್ಲು ಅದಾವೇನು?"

ಮುಂದಿನ ಗುರುವಾರ ಅವಳು ಎಂದಿನಂತೆ ಸಿರುಗುಪ್ಪದ ಬಸ್ಸು ಹತ್ತಿದಳು. ಮಧ್ಯಾಹ್ನ ಹಿತ್ತಲ ಓಣಿಯಲ್ಲಿ ಸೈಕಲ್ ಗಂಟೆ ಕೇಳಿ ನಾನು ಕಿಟಕಿಗೆ ಹೋದೆ. ಹೊನ್ನೂರಪ್ಪ ಬಂದಿದ್ದ. ಸಿಲಿಂಡರ್ ಕಟ್ಟುವ ಹಗ್ಗದಲ್ಲಿ ಈ ಸಲ ಹತ್ತಿಕಟ್ಟಿಗೆಯ ಹೊರೆ ಕಟ್ಟಿದ್ದ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಹೊಗೆ ಎದ್ದಿತು. ಮುದುಕಿಯ ಕೆಮ್ಮು ಕೇಳಿತು. ನಾನು ಗೋಡೆಯ ಮೇಲಿಂದ ಇಣುಕಿದೆ. ಮೂರು ಕಲ್ಲಿನ ಮುಂದೆ ಕುಕ್ಕರಿಸಿ ಕೂತಿದ್ದ ಕೊಟ್ರಮ್ಮ ಕಣ್ಣೊರಸಿಕೊಳ್ಳುತ್ತ ಹೊನ್ನೂರಪ್ಪನನ್ನು ಬಯ್ಯುತ್ತಿದ್ದಳು—"ಹಸಿ ಕಟ್ಟಿಗಿ ತಂದೀಯಲ್ಲೋ, ನಿನ್ನ ಸುಡ್ಲಿ!"

ಅವಳ ಮುಂದಿದ್ದ ಬೋಗುಣಿಯ ಬುಡ ಕೆಂಪಗಿತ್ತು.