ಒಳಗೆ ಮಡಚಿಟ್ಟ ಬಟ್ಟೆ

"ಇದನ್ನ ಯಾಕೆ ಕತ್ತರಿಸಲಿಲ್ಲ?"

ಟೀಚರ್ ತನ್ನ ನೀಲಿ ಅಂಗಿಯನ್ನು ಒಳಮಗ್ಗುಲು ಮೇಲೆ ಮಾಡಿ ಟೈಲರ್‌ನ ಮೇಜಿನ ಮೇಲೆ ಎಸೆದಳು. ಎರಡೂ ಪಕ್ಕದ ಹೊಲಿಗೆ ಬಿಚ್ಚಿತ್ತು. ಒಂದೊಂದು ಕಡೆಯೂ ಒಂದು ಗೇಣು ಬಟ್ಟೆ ಒಳಗೆ ಹಾಗೇ ಮಡಚಿಕೊಂಡಿತ್ತು.

ಅವನು ಕತ್ತರಿ ಕೆಳಗಿಟ್ಟ. ಒಂದು ತಿಂಗಳಿಂದ ಈ ಮುಖಕ್ಕಾಗಿ ಬಾಗಿಲ ಕಡೆ ನೋಡಿ ನೋಡಿ ಕತ್ತು ನೋವು ಬಂದಿತ್ತು. ಬಂದವಳು ಹೀಗೆ ಉರಿದುಕೊಂಡು ಬರುತ್ತಾಳೆಂದು ಯಾರಿಗೆ ಗೊತ್ತಿತ್ತು, ಹೇಳಿ!

"ನಾನು ಮತ್ತೆ ದಪ್ಪ ಆಗೇ ಆಗ್ತೀನಿ ಅಂತ ಲೆಕ್ಕ ಹಾಕಿಟ್ಟಿದ್ರಲ್ವಾ?" ಅವಳು ಆ ಮಡಿಕೆ ಎಳೆದು ತೋರಿಸಿದಳು.

ಎರಡು ವರ್ಷದಲ್ಲಿ ಅವಳು ಅರವತ್ತು ಕೆಜಿ ಇಳಿಸಿದ್ದಳು. ಆ ನೀಲಿ ಅಂಗಿಯನ್ನು ಐದು ಸಲ ಬಿಗಿ ಮಾಡಿಕೊಟ್ಟವನು ಇವನೇ. ಅಳತೆ ಹಿಡಿಯುವುದು ಅಂಗಡಿಯಲ್ಲೇ ಹೊಲಿಯುವ ಅವನ ಅಕ್ಕ, ಬರೆದುಕೊಳ್ಳುವುದು ಅವನು. ಹೋದ ತಿಂಗಳು ಅವನು ಹೇಗೋ ಧೈರ್ಯ ಮಾಡಿ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟ. ಒಂದು ತಿಂಗಳು ಬಿಟ್ಟು ಹೇಳುತ್ತೇನೆಂದವಳು ನಾಪತ್ತೆ! ಫೋನೂ ಇಲ್ಲ. ಇಷ್ಟವಿಲ್ಲವೆಂದು ತಾನೇ ತೀರ್ಮಾನಿಸಿಕೊಂಡು ಸಪ್ಪಗಾಗಿದ್ದ.

ಈಗ ನೋಡಿದರೆ ಅವಳು ಸೊಂಟ ಬಗ್ಗಿಸಿ, ಹೊಟ್ಟೆಗೆ ಕೈ ಒತ್ತಿಕೊಂಡು ನಿಂತಿದ್ದಳು.

"ಅಂಗಿ ಹಾಗಿರ್ಲಿ. ನಿಮಗೇನಾಗಿದೆ?"

ಅಷ್ಟೇ ಸಾಕಾಯಿತು. ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟಳು. ತೂಕ ಇಳಿದ ಮೇಲೆ ಹೊಟ್ಟೆಯ ಚರ್ಮ ಜೋತುಬಿದ್ದಿದ್ದು, ಮಡಿಕೆಯೊಳಗೆ ಬೆವತು ಹುಣ್ಣಾಗುತ್ತಿದ್ದುದು, ಮೂರು ವಾರದ ಹಿಂದೆ ಆಪರೇಷನ್ ಮಾಡಿಸಿ ಅದನ್ನು ತೆಗೆಸಿದ್ದು, ಸೊಂಟದ ಈ ಮಗ್ಗುಲಿಂದ ಆ ಮಗ್ಗುಲವರೆಗೆ ಹೊಲಿಗೆ ಬಿದ್ದಿದ್ದು... ಎಲ್ಲವನ್ನೂ ಬಿಕ್ಕುತ್ತಲೇ ಹೇಳಿದಳು. ಪೂರ್ತಿ ವಾಸಿಯಾದ ಮೇಲೆಯೇ ಅವನಿಗೆ ಮುಖ ತೋರಿಸಬೇಕೆಂದಿದ್ದಳಂತೆ. ಆದರೆ ಎರಡು ದಿನದಿಂದ ಹೊಟ್ಟೆ ಮತ್ತೆ ಊದತೊಡಗಿತ್ತು. ಅಂಗಿ ಹಿಡಿಯಲಿಲ್ಲ. ಸಡಿಲ ಮಾಡೋಣವೆಂದು ಹೊಲಿಗೆ ಬಿಚ್ಚಿದರೆ ಒಳಗೆ ಈ ಬಟ್ಟೆ!

ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಕೊಯ್ತಾರೆ ಅಂತ ಭಯ... ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಅಕ್ಕ ಎದ್ದು ಬಂದು ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ಲೋ, ಕಂಬದ ಹಾಗೆ ನಿಂತಿದ್ದೀಯಲ್ಲ, ಹೋಗಿ ಗಾಡಿ ಕರ್ಕೊಂಡು ಬಾ. ಅಂಗಡಿ ನಾನು ನೋಡ್ಕೋತೀನಿ."

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಸರದಿಗಾಗಿ ಕಾಯುತ್ತಿದ್ದರು. ಅವನು ಬಾಗಿಲನ್ನೇ ನೋಡುತ್ತಾ ಮೆಲ್ಲಗೆ ಬಾಯಿ ಬಿಟ್ಟ.

"ನಾನು ನಿಮ್ಮನ್ನ ಇಷ್ಟಪಟ್ಟಿದ್ದು ನೀವು ಅಂಗಡಿಗೆ ಬಂದ ಮೊದಲನೇ ದಿನ. ಆಗಿನ್ನೂ ನೀವು ತೂಕ ಇಳಿಸೋಕೆ ಶುರುನೇ ಮಾಡಿರ್ಲಿಲ್ಲ. ಆ ಅಳತೆಗೆ ಕತ್ತರಿ ಹಾಕೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ."

ಅವಳು ಅವನ ಕಡೆ ತಿರುಗಿದಳು. ಅಯ್ಯೋ ದೇವರೇ... ಇಂಥವನಿಗೆ ಹೆದರಿಯೇ ನಾನು ಬಚ್ಚಿಟ್ಟುಕೊಂಡಿದ್ದು? ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ನರ್ಸ್ ಒಳಗೆ ಕರೆದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಎರಡು ದಿನ ಸುಮ್ಮನಿದ್ದುದಕ್ಕೆ ಮೊದಲು ಚೆನ್ನಾಗಿ ಬೈದರು. ಚರ್ಮದ ಕೆಳಗೆ ನೀರು ತುಂಬಿಕೊಂಡಿತ್ತು, ಅಷ್ಟೇ. ಈ ಆಪರೇಷನ್ ಆದವರಿಗೆ, ಅದರಲ್ಲೂ ತುಂಬಾ ತೂಕ ಇಳಿಸಿದವರಿಗೆ ಹೀಗಾಗುವುದುಂಟು ಎಂದರು. ಸೋಂಕಿಲ್ಲ, ಕೀವಿಲ್ಲ. ದೊಡ್ಡ ಸಿರಿಂಜಿನಲ್ಲಿ ನಾಲ್ಕು ಸಲ ಎಳೆದು ತಿಳಿ ಹಳದಿ ನೀರನ್ನು ಹೊರಗೆ ತೆಗೆದರು. ಮತ್ತೆ ತುಂಬಿದರೆ ಮತ್ತೆ ತೆಗೆದರಾಯಿತು, ಹೊಟ್ಟೆಗೆ ಬೆಲ್ಟ್ ಬಿಗಿಯಾಗಿ ಕಟ್ಟಿಕೊಂಡಿರಿ, ಕೊಯ್ಯುವ ಮಾತೇ ಇಲ್ಲ ಎಂದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ನಗುವೂ ಬಂತು, ಅಳುವೂ ಬಂತು.

ಹೊರಗೆ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಎಲ್ಲವನ್ನೂ ಕೇಳಿಕೊಂಡು ಉಸ್ಸೆಂದು ಗೋಡೆಗೆ ಒರಗಿದ.

"ಗಾಯದ ಗುರುತು ಕೊನೇವರೆಗೂ ಇರುತ್ತೆ," ಎಂದಳು.

"ಇರ್ಲಿ."

"ತುಂಬಾ ಉದ್ದ ಇದೆ."

"ಇರ್ಲಿ ಬಿಡಿ."

"ನೀವು ಕೇಳಿದ್ದಕ್ಕೆ ನೆಟ್ಟಗೆ ನಿಂತು ಉತ್ತರ ಹೇಳ್ಬೇಕು ಅಂತಿದ್ದೆ. ಇನ್ನೂ ಒಂದು ವಾರ ಬಗ್ಗೇ ನಡೀಬೇಕಂತೆ."

ಅವನು ಅವಳಷ್ಟೇ ಸೊಂಟ ಬಗ್ಗಿಸಿ, ಮುಖಕ್ಕೆ ಮುಖ ಕೊಟ್ಟು ನಿಂತ. ಓಡಾಡುವವರೆಲ್ಲ ತಿರುಗಿ ನೋಡಿದರು. ನೋಡಲಿ, ನಮಗೇನು!

"ಈಗ ಹೇಳಿ."

"ಹೂಂ," ಎಂದಳು ಅವಳು. "ಆದ್ರೆ ಹೀಗೆಲ್ಲ ನಗಿಸ್ಬೇಡಿ... ಹೊಲಿಗೆ ನೋಯುತ್ತೆ."