ಮೂಗು ಮುಚ್ಚಿಕೊಂಡವಳು

ಮರಗಟ್ಟಿಸುವ ಕ್ರೀಮ್ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಮೇಲೆ ಚರ್ಮದ ಕ್ಲಿನಿಕ್ಕಿನ ಸಹಾಯಕಿ ಚಮೈಗೆ ಎಲ್ಲ ಮುಖಗಳೂ ಒಂದೇ ಥರ ಕಾಣುತ್ತಿದ್ದವು, ಅಂಗಡಿಯಲ್ಲಿ ಸುತ್ತಿಟ್ಟ ಮಾಂಸದ ತುಂಡಿನಂತೆ. ಈ ಮುಖ ಮಾತ್ರ ಕಣ್ಣು ಮಿಟುಕಿಸಿತು.

"ಗುರುತು ಸಿಗಲಿಲ್ವಾ? ಗಲ್ಲಿ ತಿರುವಲ್ಲಿ ಕಡ್ಡಿಗೆ ಚುಚ್ಚಿ ಹಂದಿಮಾಂಸ ಸುಡ್ತೀನಲ್ಲ, ವರಿತ್."

ಸಿಕ್ಕಿತ್ತು. ಕಾದ ಎಣ್ಣೆ ಸಿಡಿದು ಎಡಗೆನ್ನೆಯ ಮೇಲೆ ಉಳಿದ ಕಲೆ. ಚಿಯಾಂಗ್ ಮಾಯ್‌ನ ಆ ಗಲ್ಲಿಯಲ್ಲಿ ದಿನಾ ಬೆಳಿಗ್ಗೆ ಅವನ ಒಲೆ ದಾಟಿಯೇ ಅವಳು ಕ್ಲಿನಿಕ್ಕಿಗೆ ಬರುತ್ತಿದ್ದಳು. ಬೇರೆ ದಾರಿ ಇತ್ತು. ಹಿಡಿದಿರಲಿಲ್ಲ. ಅವನು ನಕ್ಕಾಗ ಆ ಕಲೆ ಮಡಚಿಕೊಳ್ಳದೆ ನಗು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಆ ಅರ್ಧ ನಗುವನ್ನು ಕದ್ದು ನೋಡದಿದ್ದರೆ ಅವಳಿಗೆ ದಿನವೇ ಶುರುವಾಗುತ್ತಿರಲಿಲ್ಲ.

"ಇದನ್ನ ಯಾಕೆ ತೆಗೆಸ್ತಿದ್ದೀರ?"

"ಒಬ್ಬರಿಗೋಸ್ಕರ."

"ಪುಣ್ಯವಂತೆ."

"ಎಂಥ ಪುಣ್ಯವಂತೆ! ನನ್ನ ಒಲೆ ಮುಂದೆ ಬಂದ ತಕ್ಷಣ ಮೂಗು ಮುಚ್ಕೋತಾಳೆ. ನನ್ನ ಕಂಡ್ರೆ ಅಷ್ಟು ಹೇಸಿಗೆ." ಅವನು ಚಾವಣಿ ನೋಡುತ್ತ ಹೇಳಿದ. "ಬಿಳಿ ಶೂ ಹಾಕ್ತಾಳೆ. ಒಂದು ದಿನಕ್ಕಾದ್ರೂ ಒಂದು ಕಡ್ಡಿ ಕೊಂಡವಳಲ್ಲ, ಜಿಪುಣಿ."

ಚಮೈ ತನ್ನ ಬಿಳಿ ಶೂ ನೋಡಿಕೊಂಡಳು. ಅಲ್ಲ, ಮೂಗು ಮುಚ್ಚೋದು ಕಲೆಗಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು.

"ಕ್ರೀಮ್ ಒರೆಸು. ಪೈಪ್ ಹಿಡ್ಕೋ," ಎಂದರು ಡಾಕ್ಟರು.

ಲೇಸರ್ ಚಟಚಟ ಸದ್ದು ಮಾಡುತ್ತ ಕೆನ್ನೆಗೆ ಸಣ್ಣ ಚುಕ್ಕಿಗಳ ಚೌಕ ಒತ್ತಿತು. ಪಕ್ಕದಲ್ಲಿ ಇನ್ನೊಂದು ಚೌಕ. ಪ್ರತಿ ಚುಕ್ಕಿಯಿಂದ ಎದ್ದ ಹೊಗೆಯನ್ನು ಅವಳ ಕೈಯ ಪೈಪ್ ಎಳೆದುಕೊಂಡಿತು. ಎಲ್ಲವನ್ನೂ ಅಲ್ಲ. ಕೋಳಿಪುಕ್ಕ ಸೀದಂಥ ವಾಸನೆ ಮಾಸ್ಕ್ ದಾಟಿ ಬಂತು. ವರ್ಷಗಳಿಂದ ಬರುತ್ತಿತ್ತು. ಮೇಡಂಗಳ ಸುಕ್ಕು, ಟೂರಿಸ್ಟ್ ಗೈಡುಗಳ ಬಿಸಿಲುಕಲೆ, ಹುಡುಗರ ಮೊಡವೆಗುಳಿ, ಯಾವುದನ್ನು ಸುಟ್ಟರೂ ಇದೇ ವಾಸನೆ. ಅದು ಅವಳ ಕೂದಲಿಗೆ, ಎಂಜಲಿಗೆ ಹತ್ತಿಕೊಂಡಿತ್ತು. ಕೆಂಡದ ಮೇಲೆ ಎಲ್ಲಿ ಮಾಂಸ ಬೇಯುತ್ತಿದ್ದರೂ ಅವಳಿಗೆ ಕಾಣುತ್ತಿದ್ದದ್ದು ಮುಖಗಳೇ.

ಇಂದು ಹೊಗೆಯಾಡುತ್ತಿದ್ದದ್ದು ಆ ಅರ್ಧ ನಗು. ನಿಲ್ಲಿಸಿ ಅನ್ನಬೇಕು ಅಂದುಕೊಂಡಳು. ಪೈಪ್ ಅಲುಗಿತು.

"ನೆಟ್ಟಗೆ ಹಿಡಿ!"

ನೆಟ್ಟಗೆ ಹಿಡಿದಳು. ಆ ಕೈಯ ಮೇಲೆ ಅವಳಿಗೆ ಹುಟ್ಟಿದ ಅಸಹ್ಯ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಆಮೇಲೆ ಕೆಲವು ದಿನ ಗಲ್ಲಿ ತಿರುವಿನಲ್ಲಿ ಒಲೆ ಉರಿಯಲಿಲ್ಲ. ಚಮೈ ವ್ಯಾಸಲೀನ್ ಡಬ್ಬಿ ಹಿಡಿದು ಅವನ ಮನೆ ಹುಡುಕಿಕೊಂಡು ಹೋದಳು. ಬಾಗಿಲಲ್ಲೇ ಅವನ ತಾಯಿ ಸಿಕ್ಕಿದರು.

"ಕ್ಲಿನಿಕ್ಕಿಂದ ಬಂದ್ಯಾ ಮಗಳೇ? ಸ್ವಲ್ಪ ಬುದ್ಧಿ ಹೇಳು. ಗಾಯ ಇದ್ದಾಗ ಅಂಟು ಅಕ್ಕಿ ಅನ್ನ ತಿಂದ್ರೆ ಕೀವಾಗುತ್ತೆ, ಮೊಟ್ಟೆ ತಿಂದ್ರೆ ಕಲೆ ಉಬ್ಬುತ್ತೆ ಅಂತ ಬಡ್ಕೊಂಡೆ. ಎರಡನ್ನೂ ಕದ್ದು ತಿಂದಿದ್ದಾನೆ!"

ಒಳಗೆ ವರಿತ್ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. "ನೋಡಬೇಡಿ."

ಅವಳು ಟವೆಲ್ ಎಳೆದಳು. ಕೆನ್ನೆ ಊದಿತ್ತು. ತಳ ಹಿಡಿದ ಅನ್ನದಂಥ ಕಂದು ಹಕ್ಕಳೆ, ಅಂಚಿನಲ್ಲಿ ಹಳದಿ ನೀರು.

"ಅಸಹ್ಯವಾಗಿದೆ," ಎಂದಳು.

"ಬಾಯಿಮಾತಿಗಾದ್ರೂ ಚೆನ್ನಾಗಿದೆ ಅನ್ನಬಾರದಾ?"

"ಮೊದಲು ಚೆನ್ನಾಗಿತ್ತು. ನನಗೆ ಹೇಸಿಗೆ ಆಗ್ತಿದ್ದದ್ದು ನಿಮ್ಮ ಕಲೆ ಕಂಡಲ್ಲ. ನಿಮ್ಮ ಮಾಂಸದ ವಾಸನೆಗೆ."

"ನನ್ನ ಮಾಂಸಾನಾ! ಇಡೀ ಗಲ್ಲಿಗೇ ಫೇಮಸ್ಸು ಕಣ್ರೀ!"

ಅವಳು ಎಲ್ಲ ಹೇಳಿದಳು. ಪೈಪ್, ಹೊಗೆ, ಬೇರೆ ದಾರಿ ಇದ್ದೂ ಹಿಡಿಯದೆ ಬಂದದ್ದು. ಕೊನೆಗೆ ಅವನು ನಗಲು ಹೋಗಿ, ಹಕ್ಕಳೆ ಬಿರಿದು, "ಅಯ್ಯಯ್ಯೋ," ಎಂದು ಕೆನ್ನೆ ಹಿಡಿಯಲು ಕೈಯೆತ್ತಿದ. ಅವಳು ಆ ಕೈ ಹಿಡಿದುಕೊಂಡಳು.

"ಮುಟ್ಟಬಾರದು."

"ಹಾಗಾದ್ರೆ ಸುಮ್ಮನೆ ಸುಟ್ಕೊಂಡ್ನಾ? ಇನ್ನೂ ಎರಡು ಸಲ ಬರೋಕೆ ಹೇಳಿದ್ದಾರೆ."

"ಬರಬೇಡಿ. ನಾನು ಇನ್ನು ಪೈಪ್ ಹಿಡಿಯಲ್ಲ."

ಅವನು ಅವಳನ್ನೇ ನೋಡಿದ. ತಮಾಷೆ ಎಲ್ಲ ಇಳಿದಿತ್ತು. "ನನ್ನ ಕೆಲಸ ಬಿಡೋಕಾಗಲ್ಲ ಚಮೈ. ಅಂಗಿ, ಕೂದಲು, ಹಾಸಿಗೆ, ಎಲ್ಲಾ ಅದೇ ವಾಸನೆ. ನಿನಗಾಗುತ್ತಾ?"

ಆಗುತ್ತದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಇಲ್ಲಿ ನಾವು ಥಾಯ್ ಜನ ತುಟಿಯಿಂದ ಮುದ್ದು ಕೊಡುವುದಿಲ್ಲ. ಕೆನ್ನೆಗೆ ಮೂಗು ತಂದು ಉಸಿರು ಒಳಗೆಳೆದುಕೊಳ್ಳುತ್ತೇವೆ. ಇಷ್ಟವಿಲ್ಲದವರು ಇದನ್ನು ನಟಿಸಲಾರರು. ಅವಳು ಬಾಗಿದಳು. ಗಾಯಕ್ಕೆ ತಾಗದಷ್ಟು ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡಳು. ಹಕ್ಕಳೆ, ವ್ಯಾಸಲೀನ್, ಇದ್ದಿಲು, ಹಂದಿಕೊಬ್ಬು, ಬೆಳ್ಳುಳ್ಳಿ.

"ಹೇಗಿದೆ?" ಅವನು ಕೇಳಿದ.

"ಹೊಲಸು," ಎಂದಳು. ಮೂಗು ತೆಗೆಯಲಿಲ್ಲ. ಮತ್ತೊಮ್ಮೆ ಉಸಿರೆಳೆದುಕೊಂಡಳು.